ಅರವತ್ತು ಬಗೆಯ ಊಟ

ಗೋಮತಿಯ ಬಲಗೈ ಮುರಿದ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ಹಸಿವಾಯಿತು. ಅಲ್ಲಿಯವರೆಗೆ ಹಸಿವಾಗುವ ಮೊದಲೇ ತಟ್ಟೆ ಮುಂದೆ ಬಂದಿರುತ್ತಿತ್ತು. ಮಾರ್ಗಳಿ, ಅಂದರೆ ಧನುರ್ಮಾಸ, ಇನ್ನೇನು ಹುಟ್ಟುವುದಿತ್ತು. ಬೆಳಗಿನ ದೊಡ್ಡ ರಂಗೋಲಿಗೆಂದು ಅಂಗಳ ಉಜ್ಜಲು ಹೋದ ನನ್ನ ಹೆಂಡತಿ ಒಗೆಯುವ ಕಲ್ಲಿನ ಪಕ್ಕದ ಪಾಚಿಯಲ್ಲಿ ಜಾರಿ ಬಿದ್ದಳು. ಪಾಳಯಂಕೋಟೆಯ ಆಸ್ಪತ್ರೆಯಲ್ಲಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಪೊಂಗಲ್ ಕಳೆಯುವ ತನಕ ಈ ಕೈ ಇಲ್ಲವೆಂದೇ ತಿಳಿದುಕೊಳ್ಳಿ ಎಂದರು.

ನಾನು ಶಂಕರಲಿಂಗಂ. ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು, ತಿರುನೆಲ್ವೇಲಿಯಿಂದ ಸೆಂಗೋಟೆಗೆ. 'ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ, ಜಾಗ ಇದೆ' ಎಂದು ಕೂಗಿ ಕೂಗಿ ಬೆಳೆದ ಗಂಟಲು ನಿವೃತ್ತಿಯ ಮೇಲೂ ತಗ್ಗಲಿಲ್ಲ. ಮನೆಯಲ್ಲೂ ಕೂಗಿದರೆ ನೀರು ಬರುತ್ತಿತ್ತು, ಕಾಫಿ ಬರುತ್ತಿತ್ತು. ಅಡುಗೆಮನೆಗೆ ನಾನು ಕಾಲಿಟ್ಟವನಲ್ಲ. ಹೋಗಬಾರದೆಂದು ಯಾರೂ ತಡೆದಿರಲಿಲ್ಲ, ಹೋಗುವ ಕೆಲಸವೇ ಬಿದ್ದಿರಲಿಲ್ಲ. ಮಗ ನೆಲ್ಲೈಯಪ್ಪನೂ ನನ್ನ ಹಾಗೆಯೇ. ವಿದ್ಯುತ್ ಕಚೇರಿಯಲ್ಲಿ ಕೆಲಸ, ಊರಿಗೆಲ್ಲ ದೀಪ ಹಚ್ಚಿಸುತ್ತಾನೆ, ಮನೆಯ ಒಲೆ ಯಾವ ಕಡೆ ತಿರುಗಿಸಿದರೆ ಹತ್ತುತ್ತದೆಂದು ಗೊತ್ತಿಲ್ಲ.

ಹೀಗಾಗಿ ಎಲ್ಲವೂ ಸೊಸೆ ತೇನ್ಮೊಳಿಯ ತಲೆಗೆ ಬಂತು. ದಿಂಡುಕ್ಕಲ್ ಕಡೆಯ ಹುಡುಗಿ. ಪಾಳಯಂಕೋಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರ್, ಆದರೆ ತಾತ್ಕಾಲಿಕ. ಮೊಮ್ಮಗಳು ಯಾಳಿನಿ ಅದೇ ಶಾಲೆಯಲ್ಲಿ ಏಳನೆಯ ತರಗತಿ, ಅಮ್ಮನ ಕ್ಲಾಸಿನಲ್ಲೇ. ಅಲ್ಲಿ 'ಟೀಚರ್', ಮನೆಯಲ್ಲಿ 'ಅಮ್ಮ'.

ತೇನ್ಮೊಳಿ ಕತ್ತಲಿರುವಾಗಲೇ ಎದ್ದು ಅಂಗಳಕ್ಕೆ ಸಗಣಿನೀರು ಹಾಕಿ, ಅಕ್ಕಿಹಿಟ್ಟಿನಲ್ಲಿ ಅಂಗೈಯಗಲ ರಂಗೋಲಿ ಬಿಡಿಸಿ, ತಿಂಡಿ ಮತ್ತು ಮಧ್ಯಾಹ್ನದ ಅಡುಗೆ ಎರಡನ್ನೂ ಮುಗಿಸಿ ಎಂಟರ ಬಸ್ಸಿಗೆ ಓಡುತ್ತಿದ್ದಳು. ಸಂಜೆ ಬಂದು ರಾತ್ರಿಯ ಅಡುಗೆ. ಗೋಮತಿ ಅಡುಗೆಮನೆಯ ಹೊಸ್ತಿಲ ಪಕ್ಕ ಸ್ಟೂಲ್ ಹಾಕಿಸಿಕೊಂಡು, ಮಡಿಲಲ್ಲಿ ಬಿಳಿ ಕೈ ಇಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕಿದೆ ಎನ್ನುವಳು. ರಂಗೋಲಿ ನೋಡಿ ಇದು ಇರುವೆ ತಿನ್ನುವುದಕ್ಕೂ ಸಾಲದು ಎನ್ನುವಳು. ಸೊಸೆ 'ಹೂಂ ಅತ್ತೆ' ಎಂದು ಕೆಲಸ ಮುಂದುವರಿಸುತ್ತಿದ್ದಳು. ಆ 'ಹೂಂ' ದಿನದಿನಕ್ಕೆ ಚಿಕ್ಕದಾಗುತ್ತಿತ್ತು.

ನಾನೂ ಸುಮ್ಮನಿರಲಿಲ್ಲ, ಯಾಕೆ ಸುಳ್ಳು ಹೇಳಲಿ. ಸತತವಾಗಿ ಮೂರು ದಿನ ಬೇಳೆ ಸಾಂಬಾರು, ಎಲೆಕೋಸಿನ ಪಲ್ಯ ಬಂದಾಗ ತಟ್ಟೆ ದೂಡಿ, ಜೈಲಿನಲ್ಲಾದರೂ ವಾರಕ್ಕೊಮ್ಮೆ ಬದಲಾಯಿಸುತ್ತಾರೆ ಎಂದೆ. ನೆಲ್ಲೈಯಪ್ಪ ಅದನ್ನೇ ಹಿಡಿದುಕೊಂಡ. ತಾತ್ಕಾಲಿಕ ಕೆಲಸಕ್ಕೆ ಇಷ್ಟು ಒದ್ದಾಟ ಯಾಕೆ, ಬಿಟ್ಟು ಮನೆಯಲ್ಲಿರಬಾರದೇ, ಅಮ್ಮನ ಕೈ ನೋಡು ಎಂದ. ತೇನ್ಮೊಳಿ ಸೌಟು ಕೆಳಗಿಟ್ಟು ಹೊರಗೆ ಬಂದಳು. ಶಾಲೆಯಲ್ಲಿ ಒಂದು ಕಾಯಂ ಜಾಗ ಖಾಲಿಯಾಗಿದೆ, ಪೊಂಗಲ್‌ಗೆ ಮುಂಚೆ ಹೆತ್ತವರ ಮುಂದೆ ಪಾಠ ಮಾಡಿಸಿ ಆರಿಸುತ್ತಾರೆ ಎಂದಳು.

ಜಗಳ ಬೆಳೆಯುವುದು ನನಗೆ ಬೇಕಿರಲಿಲ್ಲ. ಬಸ್ಸಿನಲ್ಲಿ ಸೀಟಿಗಾಗಿ ಹೊಡೆದಾಡುವವರನ್ನು ಬಿಡಿಸಿದವನು ನಾನು.

"ಸರಿ, ಕೇಳಿ. ಪೊಂಗಲ್ ಒಳಗೆ ಕಾಯಂ ಆದ್ರೆ ಅವಳು ಹೋಗ್ಲಿ. ಆಗದಿದ್ರೆ ಬಿಟ್ಟು ಮನೇಲಿರ್ಲಿ. ಮುಗೀತು."

"ಆಗದಿದ್ರೆ ಬಿಡ್ತೀನಿ ಮಾಮ, ಮಾತು ಕೊಡ್ತೀನಿ" ಎಂದಳು ತೇನ್ಮೊಳಿ. "ಆದ್ರೆ ಅಲ್ಲೀವರೆಗೆ ಬಿಡು ಬಿಡು ಅಂತ ಯಾರೂ ನನ್ನ ಕಿವಿ ಕೊರೀಬಾರದು."

ನ್ಯಾಯವಾಗಿ ತೀರ್ಪು ಕೊಟ್ಟೆನೆಂದು ಅಂದು ನನಗೆ ಒಳ್ಳೆಯ ನಿದ್ದೆ ಬಂತು.

ಹೆತ್ತವರ ಮುಂದೆ ಮಾಡಬೇಕಿದ್ದ ಪಾಠ, ಆಯ್ಕೆಗಳನ್ನು ಗುಣಿಸಿ ಎಣಿಸುವುದು. ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಕೇಳಿದರೆ ಒಂದೊಂದಾಗಿ ಬರೆಯುತ್ತಾ ಕೂರಬಾರದು, ಗುಣಿಸಬೇಕು. ಪಾಠಪುಸ್ತಕದಲ್ಲಿ ಅಂಗಿ ಮತ್ತು ಲಂಗದ ಲೆಕ್ಕವಿತ್ತಂತೆ. ತೇನ್ಮೊಳಿಗೆ ನನ್ನ ಜೈಲಿನ ಮಾತು ಚುಚ್ಚಿಕೊಂಡಿತ್ತು. ಒಂದು ಭಾನುವಾರ ಯಾಳಿನಿಯನ್ನು ಎದುರು ಕೂರಿಸಿಕೊಂಡು, ನಮ್ಮ ಮನೆಯ ಅಡುಗೆಯನ್ನೇ ಲೆಕ್ಕ ಮಾಡಿದಳು. ಅನ್ನಕ್ಕೆ ಕಲಸಿಕೊಳ್ಳುವುದು ನಾಲ್ಕು: ಸಾಂಬಾರು, ಹುಣಸೆ ಹುಳಿ, ಮಜ್ಜಿಗೆ ಹುಳಿ, ಸೊದಿ. ಪಲ್ಯ ಐದು: ಎಲೆಕೋಸು, ಬೆಂಡೆ, ಬಾಳೆಕಾಯಿ, ಹುರುಳಿಕಾಯಿ, ಸುವರ್ಣಗಡ್ಡೆ. ಚಟ್ನಿ ಮೂರು: ತೆಂಗು, ಬೇಳೆ, ಶುಂಠಿ.

"ಸಾಂಬಾರಿನ ಜೊತೆ ಐದರಲ್ಲಿ ಯಾವ ಪಲ್ಯ ಬೇಕಾದ್ರೂ ಮಾಡಬಹುದು. ಹುಳಿಗೂ ಐದು. ಹಾಗಾದ್ರೆ ನಾಲ್ಕಕ್ಕೂ?"

"ಇಪ್ಪತ್ತು" ಎಂದಳು ಯಾಳಿನಿ. "ಆ ಇಪ್ಪತ್ತರಲ್ಲಿ ಒಂದೊಂದಕ್ಕೂ ಮೂರು ಚಟ್ನಿ. ಅರವತ್ತು. ತಾತ, ಎರಡು ತಿಂಗಳು ಒಂದು ದಿನದ ಊಟ ಇನ್ನೊಂದು ದಿನ ಬರಲ್ಲ."

ನನಗೆ ಖುಷಿಯೋ ಖುಷಿ. ಹನ್ನೆರಡು ತಿನಿಸಿನಿಂದ ಅರವತ್ತು ಊಟ. ಸೊಸೆ ಅದನ್ನು ದೊಡ್ಡ ಹಾಳೆಯಲ್ಲಿ ದಿನದ ಪ್ರಕಾರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಗೋಮತಿ ಸ್ಟೂಲಿನಿಂದ ಅದನ್ನು ಓದಿದಳು, ಮೇಲಿನಿಂದ ಕೆಳಗಿನವರೆಗೆ. ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ನನ್ನ ಹೆಂಡತಿಗೆ ಏನೋ ಆಗಿದೆ ಎಂದು ನಾನು ತಿಳಿಯಬೇಕಿತ್ತು.

ಮುಂದಿನ ಶನಿವಾರ ಹಾಳೆಯ ಪ್ರಕಾರ ಸೊದಿ, ಸುವರ್ಣಗಡ್ಡೆಯ ಪಲ್ಯ, ತೆಂಗಿನ ಚಟ್ನಿ. ಸೊದಿ ಅಂದರೆ ನಮ್ಮವರಿಗೆ ಪ್ರಾಣ. ತೆಂಗಿನಹಾಲಿನಲ್ಲೇ ತರಕಾರಿ ಬೇಯಿಸಿ ನಿಂಬೆ ಹಿಂಡುವುದು. ಮದುವೆಯ ಮಾರನೆಯ ದಿನ ಹೆಣ್ಣಿನ ಮನೆಯವರು ಅಳಿಯನಿಗೆ ಬಡಿಸುವ ಊಟ. ನಾನು ಮೂರು ಸಲ ಬಡಿಸಿಕೊಂಡೆ. ಗಂಟೆ ಮೂರಾಗುವಷ್ಟರಲ್ಲಿ ಹೊಟ್ಟೆ ತಮಟೆಯಾಯಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಅಂಗಳದಲ್ಲಿ ಅತ್ತಿಂದಿತ್ತ ನಡೆದಾಡುತ್ತಾ, ಹೊಟ್ಟೆಗೆ ಏನು ಹಾಕಿದಿರಿ ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ.

"ಸೊದಿಗೆ ಶುಂಠಿ ಚಟ್ನಿ ಬಿಟ್ಟು ಬೇರೆ ಯಾರಾದ್ರೂ ಮಾಡ್ತಾರಾ?" ಎಂದಳು ಗೋಮತಿ, ಸ್ಟೂಲಿನಿಂದ ಏಳದೆ. "ಅಷ್ಟು ತೆಂಗಿನಹಾಲು ಅರಗಬೇಡ್ವಾ? ಅದರ ಮೇಲೆ ಮತ್ತೆ ತೆಂಗಿನ ಚಟ್ನಿ. ಅರವತ್ತು ಬಗೆ ತಿನ್ನಿ, ಚೆನ್ನಾಗಿ ತಿನ್ನಿ."

ತೇನ್ಮೊಳಿ ಪಾತ್ರೆ ತೊಳೆಯುತ್ತಿದ್ದವಳು ತಿರುಗಿದಳು. "ನಿಮಗೆ ಗೊತ್ತಿತ್ತಾ ಅತ್ತೆ? ಹಾಳೆ ಓದಿದಾಗಲೇ ಗೊತ್ತಿತ್ತಾ?"

"ನಮ್ಮೂರಲ್ಲಿ ಹಾಲು ಕುಡಿಯೋ ಮಗೂಗೂ ಗೊತ್ತು."

"ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಸೊದಿ ಮಾಡಲ್ಲ. ಇಲ್ಲಿ ನೀವು ಬಡಿಸಿದ್ದು ತಿಂದಿದ್ದೀನಿ ಅಷ್ಟೇ. ಒಂದು ಮಾತು ಹೇಳಬಹುದಿತ್ತು."

"ನೀನು ಕೇಳಿದ್ಯಾ?" ಎಂದಳು ಗೋಮತಿ. "ನನ್ನ ಅಡುಗೇನ ಗುಣಿಸಿ ಭಾಗಿಸಿ ಫ್ರಿಜ್ಜಿಗೆ ಅಂಟಿಸ್ತೀಯ, ಇಲ್ಲೇ ಕೂತಿರೋಳನ್ನ ಒಂದು ಮಾತು ಕೇಳಲ್ಲ. ಮುರಿದಿರೋದು ಕೈ ಕಣಮ್ಮ, ಬಾಯಲ್ಲ."

ಗಂಡ ಹೊಟ್ಟೆ ಹಿಡಿದು ಒದ್ದಾಡಲಿ ಎಂದು ಸುಮ್ಮನಿದ್ದಳಲ್ಲ, ಎಂಥ ಹೆಂಗಸು ಎಂದು ನನಗೆ ಮೈ ಉರಿಯಿತು. ಅವರಿಬ್ಬರೂ ನನ್ನ ಕಡೆ ನೋಡಲೂ ಇಲ್ಲ. ತೇನ್ಮೊಳಿ ಕೈ ಒರೆಸಿಕೊಂಡಳು. ಆಮೇಲೆ ಹಾಳೆಯನ್ನು ಕಿತ್ತು ತಂದು ಅತ್ತೆಯ ಮಡಿಲಲ್ಲಿ ಹರಡಿ, ಇನ್ನೇನೇನು ಕೂಡುವುದಿಲ್ಲ ಹೇಳಿ ಅತ್ತೆ, ಎಂದು ನೆಲದ ಮೇಲೆ ಕೂತಳು. ಗೋಮತಿ ಮೂಗು ಮುರಿದು ಮುಖ ತಿರುಗಿಸಿದಳು. ಆದರೆ ಮರುದಿನ ನೋಡಿದರೆ ಹಾಳೆಯಲ್ಲಿ ಸೊದಿ ಇದ್ದಲ್ಲೆಲ್ಲ ಬೇರೆ ಚಟ್ನಿಗಳಿಗೆ ಗೀಟು ಬಿದ್ದು, ಪಕ್ಕದಲ್ಲಿ 'ಶುಂಠಿ' ಎಂದು ಒಂದನೆಯ ತರಗತಿಯ ಮಕ್ಕಳ ಹಾಗೆ ಸೊಟ್ಟಸೊಟ್ಟಗೆ ಬರೆದಿತ್ತು. ಎಡಗೈಯ ಅಕ್ಷರ. ಯಾಳಿನಿ ಲೆಕ್ಕ ತಿದ್ದಿದಳು: ಸೊದಿಯ ಜೊತೆ ಐದು ಪಲ್ಯ, ಕೂಡದ ಚಟ್ನಿ ಎರಡು, ಹತ್ತು ಹೋಯಿತು. ಉಳಿದದ್ದು ಐವತ್ತು.

ಪಾಠದ ದಿನ ಬಂತು. ಮನೆಯಿಂದ ಒಬ್ಬರು ಹೋಗಲೇಬೇಕು. ನೆಲ್ಲೈಯಪ್ಪನಿಗೆ ಡ್ಯೂಟಿ, ಗೋಮತಿಗೆ ಪ್ಲಾಸ್ಟರ್. ನಾನು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಹೊರಟೆ. ಮೊಣಕಾಲು ಗಲ್ಲಕ್ಕೆ ತಾಗುವ ಬೆಂಚಿನ ಮೇಲೆ ಕೂತೆ. ಸುತ್ತ ಎಲ್ಲ ತಾಯಂದಿರು. ಪಕ್ಕದಲ್ಲಿ ಹೆಡ್‌ಮಿಸ್ಟ್ರೆಸ್, ಅವರ ಆಚೆ ಕನ್ನಡಕ ಮೂಗಿನ ತುದಿಗಿಳಿದ, ಶಾಲೆಯ ಆಡಳಿತದ ಹಿರಿಯರೊಬ್ಬರು.

ಹೇಳಬೇಕೆಂದರೆ ನನ್ನ ಸೊಸೆ ಚೆನ್ನಾಗಿ ಪಾಠ ಮಾಡುತ್ತಾಳೆ. ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಮೂರು ಮಾತಿಗೆ ಒಂದು ಆಡುವವಳು ಅಲ್ಲಿ ಬೋರ್ಡಿನ ಈ ತುದಿಯಿಂದ ಆ ತುದಿಗೆ ಓಡಾಡಿದಳು. ನಾಲ್ಕು, ಐದು, ಮೂರು ಬರೆದು ಮಕ್ಕಳಿಂದಲೇ ಅರವತ್ತು ಹೇಳಿಸಿದಳು. ಸೊದಿಗೆ ತೆಂಗಿನ ಚಟ್ನಿ ಆಗಬಹುದಾ ಎಂದು ಕೇಳಿದಾಗ ಇಡೀ ಕ್ಲಾಸು 'ಅಯ್ಯೋ ಬೇಡ ಟೀಚರ್' ಎಂದು ನಕ್ಕಿತು. ಹಿರಿಯರೂ ನಕ್ಕರು. ಗುಣಿಸುವ ಮೊದಲು ನಿಜವಾಗಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನೋಡಬೇಕು, ಇಲ್ಲದಿದ್ದರೆ ಲೆಕ್ಕ ಸರಿಯಿದ್ದರೂ ಉತ್ತರ ತಪ್ಪಾಗುತ್ತದೆ ಎಂದಳು. ಕೆಲಸ ಕಾಯಂ ಎಂದೇ ನಾನು ಎಣಿಸಿಬಿಟ್ಟೆ. ಮೀಸೆ ತಿರುವಿಕೊಂಡೆ.

ಕೊನೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ಲೆಕ್ಕ ಮಾಡಬೇಕೆಂದಳು. ಬೆಳಿಗ್ಗೆ ಒಬ್ಬರು ಅಡುಗೆ ಮಾಡಬೇಕು, ರಾತ್ರಿ ಒಬ್ಬರು ಮಾಡಬೇಕು. ಎರಡು ಹೊತ್ತೂ ಒಬ್ಬರೇ ಮಾಡಿದರೂ ಆದೀತು. ಯಾರು ಯಾವ ಹೊತ್ತು ಎಂದು ಎಷ್ಟು ಬಗೆಯಲ್ಲಿ ಹಂಚಬಹುದು? ಒಂದು ಹುಡುಗಿ ನಮ್ಮ ಮನೆಯಲ್ಲಿ ದೊಡ್ಡವರು ಐವರು, ಇಪ್ಪತ್ತೈದು ಬಗೆ ಎಂದಳು. ಇನ್ನೊಬ್ಬಳು ಮೂವರು, ಒಂಬತ್ತು ಎಂದಳು. ಆಗ ಯಾಳಿನಿ ಕೈಯೆತ್ತಿದಳು.

"ನಮ್ಮನೇಲಿ ಒಂದೇ ಬಗೆ ಟೀಚರ್."

ಹಿರಿಯರು ಕನ್ನಡಕ ಏರಿಸಿ, ಮನೆಯಲ್ಲಿ ದೊಡ್ಡವರು ಎಷ್ಟು ಜನ ಮಗು ಎಂದು ಕೇಳಿದರು.

"ನಾಲ್ಕು ಜನ ಸರ್. ಆದ್ರೆ ಆಗದೆ ಇರೋದನ್ನ ಮೊದಲು ತೆಗೀಬೇಕು ಅಂತ ಟೀಚರ್ ಹೇಳಿದ್ರಲ್ಲ. ಅಜ್ಜಿ ಕೈ ಮುರಿದಿದೆ. ಅಪ್ಪ ಅಡುಗೆಮನೆಗೆ ಬರಲ್ಲ. ತಾತಾನೂ ಬರಲ್ಲ. ಉಳಿದೋರು ಅಮ್ಮ. ಒಂದು ಗುಣಿಲೆ ಒಂದು, ಒಂದು."

ಹಿಂದೆ ಕೂತ ತಾಯಂದಿರು ಸೆರಗು ಬಾಯಿಗೆ ಇಟ್ಟುಕೊಂಡರು. ಆ ಮನೆಯ ತಾತ ಯಾರೆಂದು ನನ್ನ ವಿಭೂತಿಯೇ ಹೇಳುತ್ತಿತ್ತೇನೋ, ಎಲ್ಲರ ಕಣ್ಣೂ ನನ್ನ ಮೇಲೆ. ಇಡೀ ಬಸ್ಸಿನ ಎದುರು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನ ಹಾಗೆ ಕೂತಿದ್ದೆ. ತೇನ್ಮೊಳಿಯ ಕೈಯಲ್ಲಿ ಸೀಮೆಸುಣ್ಣ ಹಾಗೆಯೇ ನಿಂತಿತ್ತು. ಹಿರಿಯರು ಕೇಳಿದರು, ಈ ಉತ್ತರ ಸರಿಯೇ ಟೀಚರ್?

ತಪ್ಪು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ತಮಾಷೆ ಎಂದು ನಕ್ಕಿದ್ದರೂ ಮುಗಿಯುತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ.

"ಸರಿಯಾದ ಉತ್ತರ ಸರ್" ಎಂದಳು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು, ಒಂದು ಗುಣಿಲೆ ಒಂದು, ಒಂದು. "ಈಗ ಈ ಮನೇಲಿ ಇನ್ನೊಬ್ರು ಅಡುಗೆ ಕಲಿತ್ರೆ?"

"ಎರಡು ಗುಣಿಲೆ ಎರಡು, ನಾಲ್ಕು" ಎಂದಿತು ಕ್ಲಾಸು.

"ನೋಡಿ, ಸೇರಿದ್ದು ಒಬ್ಬರು. ಹೆಚ್ಚಿದ್ದು ಮೂರು ಬಗೆ" ಎಂದಳು.

ಗಂಟೆ ಹೊಡೆಯಿತು. ನಾನು ಯಾರಿಗೂ ಕಾಯದೆ ಬಸ್ಸು ಹತ್ತಿದೆ.

ಸಂಜೆ ಮನೆಯಲ್ಲಿ ರಾದ್ಧಾಂತ. ಮೂವತ್ತು ವರ್ಷ ಹೊಟ್ಟೆ ಕಟ್ಟಿ ದುಡಿದು ಸಾಕಿದ್ದಕ್ಕೆ ನೂರು ಹೆಂಗಸರ ಮುಂದೆ ನನ್ನ ಮಾನ ಹರಾಜಾಯಿತು ಎಂದು ಕೂಗಾಡಿದೆ. ನೆಲ್ಲೈಯಪ್ಪ ಮಗಳ ಕಿವಿ ಹಿಡಿಯಲು ಹೋದ. ಯಾಳಿನಿ ಅಳುತ್ತಾ ಒಂದೇ ಮಾತು ಕೇಳಿದಳು, ಲೆಕ್ಕ ತಪ್ಪಾ ಅಪ್ಪ? ತೇನ್ಮೊಳಿ ನಡುವೆ ಬಂದು ನಿಂತಳು.

"ಮಗೂನ ಮುಟ್ಟಬೇಡಿ. ಉತ್ತರ ಎಲ್ಲಿ ತಪ್ಪು ಅಂತ ನೀವು ತೋರಿಸಿ. ನಾಳೆ ನಾನೇ ಹೋಗಿ ಬೋರ್ಡ್ ಅಳಿಸಿ ಬರ್ತೀನಿ."

ಅವನು ಕೈ ಬಿಟ್ಟ. ಲೆಕ್ಕದಲ್ಲಿ ತಪ್ಪು ನನಗೂ ಸಿಗಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಅಂದಿನಿಂದ ಮನೆಯ ಊಟ ಬೇಡವೆಂದು ಬಸ್ ನಿಲ್ದಾಣದ ಹೋಟೆಲಿನಲ್ಲಿ ಪರೋಟ ತಿನ್ನತೊಡಗಿದೆ. ಎರಡೇ ದಿನಕ್ಕೆ ಎದೆಯುರಿ. ಮಜ್ಜಿಗೆ ಬೇಕೆಂದು ಜಗಲಿಯಿಂದ ಕೂಗಿದೆ. ಹಗಲು ಹೊತ್ತು, ಮನೆಯಲ್ಲಿ ಗೋಮತಿ ಒಬ್ಬಳೇ. ಎಡಗೈಯಲ್ಲಿ ಲೋಟ ಹಿಡಿದು ಬಂದಳು. ಅರ್ಧ ಮಜ್ಜಿಗೆ ದಾರಿಯಲ್ಲೇ ಚೆಲ್ಲಿತ್ತು. ನೀನೂ ನಗು, ನೀನೊಬ್ಬಳು ಬಾಕಿ ಎಂದೆ. ಅವಳು ನಗಲಿಲ್ಲ. ಪಕ್ಕದಲ್ಲಿ ಕೂತು ಪ್ಲಾಸ್ಟರಿನೊಳಗೆ ಪೊರಕೆಕಡ್ಡಿ ತೂರಿಸಿ ತುರಿಸಿಕೊಂಡಳು.

"ಬೋರ್ಡ್ ಮೇಲೆ ಬರೆದಳಾ ಅವಳು? ಒಂದು ಗುಣಿಲೆ ಒಂದು ಅಂತ?"

"ಹೂಂ, ಇಷ್ಟು ದೊಡ್ಡದಾಗಿ."

"ಮದುವೆಯಾಗಿ ಬಂದಾಗಿನಿಂದ ಆ ಒಂದು ನಾನೇ ಆಗಿದ್ದೆ" ಎಂದಳು ಗೋಮತಿ. "ಆಗ ಯಾರೂ ಬರೀಲಿಲ್ಲ."

ಲೋಟ ನನ್ನ ಕೈಯಲ್ಲೇ ಉಳಿಯಿತು. ಅವಳು ಎದ್ದು, ಚೆಲ್ಲಿದ ಮಜ್ಜಿಗೆಯನ್ನು ಕಾಲಿನಿಂದ ಬಟ್ಟೆ ಸರಿಸಿ ಒರೆಸುತ್ತಾ ಒಳಗೆ ಹೋದಳು. ನನಗೆ ತುಂಬ ಕಷ್ಟವಾಯಿತು. ರಾತ್ರಿ ಮನೆಯಲ್ಲೇ ಉಂಡೆ.

ಮುಂದಿನ ವಾರ, ಪೊಂಗಲ್‌ಗೆ ಇನ್ನೂ ರಜೆ ಬಿಡುವ ಮುಂಚೆ, ತೇನ್ಮೊಳಿ ಒಂದು ಸಂಜೆ ಬಂದವಳೇ ಚೀಲ ಗೂಟಕ್ಕೆ ಹಾಕಿ ಸೀದಾ ಅಕ್ಕಿ ತೊಳೆಯಲು ಹೋದಳು. ಅಲ್ಲಿಂದಲೇ ಹೇಳಿದಳು. ಜಾಗ ಅವಳಿಗಿಂತ ಹಳಬರಾದ ಇನ್ನೊಬ್ಬ ಟೀಚರಿಗೆ ಹೋಗಿತ್ತು. ನಿಮ್ಮ ಪಾಠ ಚೆನ್ನಾಗಿತ್ತು, ಇನ್ನೊಂದು ವರ್ಷ ತಾತ್ಕಾಲಿಕವಾಗಿಯೇ ಇರಿ, ಆಮೇಲೆ ನೋಡೋಣ ಎಂದಿದ್ದರು. ಅಕ್ಕಿಯ ನೀರು ಬಗ್ಗಿಸುವ ಸದ್ದು ಕೇಳಿಸಿತು.

"ಮಾತು ಕೊಟ್ಟಿದ್ದೆ. ಈ ತಿಂಗಳ ಕೊನೇಗೆ ಬಿಡ್ತೀನಿ" ಎಂದಳು.

ನೆಲ್ಲೈಯಪ್ಪ ನನ್ನ ಕಡೆ ನೋಡಿ, ಅಪ್ಪ ಹೇಳಿದ್ದು ಅದೇ ತಾನೆ ಎಂದ. ಯಾಳಿನಿಯೂ ನೋಡಿದಳು. ಗೋಮತಿ ನೋಡಲಿಲ್ಲ, ಪ್ಲಾಸ್ಟರಿನ ಅಂಚು ಕೀಳುತ್ತಿದ್ದಳು. ತೀರ್ಪು ನನ್ನದೇ. ಊಟ ಮಾಡಿ ಮಲಗಿದೆ, ಆದರೆ ಅಂದು ನಿದ್ದೆ ಚೆನ್ನಾಗಿ ಬರಲಿಲ್ಲ.

ಬೆಳಿಗ್ಗೆ ತೇನ್ಮೊಳಿ ರಂಗೋಲಿ ಮುಗಿಸಿ, ಕೈಗೆ ಹಿಟ್ಟು ಮೆತ್ತಿಕೊಂಡು ಒಳಗೆ ಬಂದಾಗ ಅಡುಗೆಮನೆಯಲ್ಲಿ ನಾನು ನಿಂತಿದ್ದೆ. ಗೋಮತಿ ಸ್ಟೂಲನ್ನು ಹೊಸ್ತಿಲಿನ ಒಳಗೆ ಎಳೆದುಕೊಂಡಿದ್ದಳು. ಒಲೆ ಹಚ್ಚುವುದರಲ್ಲೇ ನನ್ನ ಬೆರಳ ಕೂದಲು ಸುಟ್ಟಿತ್ತು. ತೆಂಗಿನಕಾಯಿ ತುರಿಯುವಾಗ ಹೆಬ್ಬೆರಳೂ ಸ್ವಲ್ಪ ತುರಿದಿತ್ತು. ಹಾಳೆಯ ಪ್ರಕಾರ ಅಂದು ಸೊದಿ, ಬಾಳೆಕಾಯಿ, ಮತ್ತೆ ಆ ಸೊಟ್ಟ ಅಕ್ಷರದ್ದು.

"ಮಾಮ, ಏನು ಮಾಡ್ತಿದ್ದೀರಿ?"

"ಕಾಣಿಸಲ್ವಾ? ಶುಂಠಿ ಕೆರೀತಿದ್ದೀನಿ. ನೀನು ಹೋಗಿ ಹೊರಡು. ಎಂಟರದ್ದು ತಪ್ಪಿದ್ರೆ ಆಮೇಲಿಂದೆಲ್ಲ ರಷ್ಷು."

"ತಿಂಗಳ ಕೊನೇಗೆ ಹೇಗೂ..."

"ಮಾತು ಕೊಟ್ಟಿದ್ದು ನನಗೆ ತಾನೆ? ನನಗೆ ಬೇಡ, ವಾಪಸ್ ತಗೋ."

ಅವಳು ಬಾಗಿಲಲ್ಲೇ ನಿಂತಳು. ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ರಂಗೋಲಿ ಹಿಟ್ಟು ಬಳಿದುಕೊಂಡಳು. ಗೋಮತಿ ಶುಂಠಿ ಹಾಗಲ್ಲರೀ, ಅರ್ಧ ಶುಂಠಿ ಸಿಪ್ಪೆಯ ಜೊತೆಗೇ ಹೋಗುತ್ತಿದೆ, ಚಮಚದಿಂದ ಕೆರೆಯಿರಿ ಎಂದಳು. ಅಮ್ಮನ ಹಿಂದಿನಿಂದ ಯಾಳಿನಿ ಜಡೆ ಹಿಡಿದುಕೊಂಡೇ ಇಣುಕಿ, ತಾತ, ಈಗ ನಾಲ್ಕು ಬಗೆ ಎಂದಳು. ಮೊದಲು ತಿಂದು ನೋಡು, ಆಮೇಲೆ ಗುಣಿಸು ಎಂದೆ.

ಅಷ್ಟರಲ್ಲಿ ಜಗಲಿಯಿಂದ ನೆಲ್ಲೈಯಪ್ಪ ಕಾಫಿ ಎಂದು ಕೂಗಿದ. ಥೇಟ್ ನನ್ನದೇ ಗಂಟಲು. ತೇನ್ಮೊಳಿ ಅಭ್ಯಾಸಬಲದಿಂದ ಪಾತ್ರೆಗೆ ಕೈ ಹಾಕಿದಳು. ಗೋಮತಿ ಪ್ಲಾಸ್ಟರಿನ ಕೈಯನ್ನೇ ಅಡ್ಡ ಚಾಚಿ ಅವಳನ್ನು ತಡೆದು, ನನ್ನ ಮುಖ ನೋಡಿದಳು. ನಾನು ಹೆಗಲ ಮೇಲಿನ ಟವಲಿಗೆ ಶುಂಠಿಯ ಕೈ ಒರೆಸಿಕೊಂಡೆ. ಸೆಂಗೋಟೆ ಬಸ್ಸಿನ ಕೊನೆಯ ಸೀಟಿಗೆ ಕೇಳುವ ಹಾಗೆ ಕೂಗಿದೆ.

"ಅಲ್ಲೇ ನಿಲ್ಲಬೇಡ, ಒಳಗೆ ಬಾ. ಜಾಗ ಇದೆ."